ತೇಲುವುದು, ಮುಳುಗುವುದು: ಮನೆಯ ನೀರಿನಲ್ಲಿ ಮಕ್ಕಳ ವಿಜ್ಞಾನ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಶಿಕ್ಷಣವನ್ನು ಕುರಿತ ದತ್ತಿ ಉಪನ್ಯಾಸ ಎಂದಾಗ ಪಠ್ಯಕ್ರಮ, ಬೋಧನಾ ಮಾಧ್ಯಮ, ಪರೀಕ್ಷಾ ಪದ್ಧತಿ ಇಂಥ ದೊಡ್ಡ ವಿಷಯಗಳನ್ನು ನೀವು ನಿರೀಕ್ಷಿಸಿರಬಹುದು. ನಾನು ಆರಿಸಿಕೊಂಡಿರುವುದು ಒಂದೇ ಒಂದು ಪಾಠವನ್ನು. ನೀರಿಗೆ ಹಾಕಿದ ವಸ್ತು ಯಾಕೆ ತೇಲುತ್ತದೆ, ಯಾಕೆ ಮುಳುಗುತ್ತದೆ ಎಂಬುದನ್ನು ಆರರಿಂದ ಹನ್ನೆರಡು ವರ್ಷದ ಮಕ್ಕಳು ಮನೆಯಲ್ಲೇ, ಕೈಗೆ ಸಿಗುವ ಸಾಮಾನುಗಳಿಂದಲೇ ಹೇಗೆ ಕಂಡುಕೊಳ್ಳಬಹುದು ಎಂಬುದಷ್ಟೇ ಈ ಹೊತ್ತಿನ ವಿಷಯ. ಮೊದಲು ಮಕ್ಕಳು ಇದರ ಬಗ್ಗೆ ಹೇಗೆ ಯೋಚಿಸುತ್ತಾರೆ ಎಂದು ನೋಡೋಣ. ಆಮೇಲೆ ಪ್ರಯೋಗಗಳು, ಮಾತಿನ ಹೆಚ್ಚಿನ ಭಾಗ ಅಲ್ಲೇ ಕಳೆಯುತ್ತದೆ. ಅದಾದ ಮೇಲೆ ನಮ್ಮ ಅಡುಗೆಮನೆ, ಹೊಲ, ಹೊಳೆಗಳಲ್ಲಿ ಇದೇ ತತ್ತ್ವ ಎಲ್ಲೆಲ್ಲಿ ಕೆಲಸ ಮಾಡುತ್ತಿದೆ ಎಂದು ಹೇಳಿ, ಕೊನೆಗೆ ಹಿರಿಯರ ಹೊಣೆಯ ಬಗ್ಗೆ ನಾಲ್ಕು ಮಾತು ಆಡುತ್ತೇನೆ.

ನನ್ನ ನಿಲುವನ್ನು ಈಗಲೇ ಹೇಳಿಬಿಡುತ್ತೇನೆ. ಮಗು ತಪ್ಪು ಕಾರಣ ಹೇಳಿದಾಗ ನಾವು ಅದರ ಕೈಗೆ ಕೊಡಬೇಕಾದ್ದು ಮತ್ತೊಂದು ವಸ್ತು. ಸರಿಯುತ್ತರವನ್ನು ಕೊಟ್ಟುಬಿಟ್ಟರೆ ಪಾಠ ಅಲ್ಲಿಗೇ ನಿಂತುಹೋಗುತ್ತದೆ.

ಇನ್ನು ಮಕ್ಕಳ ಯೋಚನೆಯ ವಿಷಯಕ್ಕೆ ಬರೋಣ. ಐದಾರು ವರ್ಷದ ಮಗುವನ್ನು ಬಕೆಟ್ಟಿನ ಮುಂದೆ ಕೂರಿಸಿಕೊಂಡು, ಬೆಂಕಿಕಡ್ಡಿ ಯಾಕೆ ತೇಲಿತು ಎಂದು ಕೇಳಿ. ‘ಅದು ಸಣ್ಣದು, ಅದಕ್ಕೆ’ ಎನ್ನುತ್ತದೆ. ಗುಂಡುಪಿನ್ನು ಯಾಕೆ ಮುಳುಗಿತು ಎಂದರೆ ‘ಅದೂ ಸಣ್ಣದು’ ಎನ್ನುತ್ತದೆ. ಎರಡು ಉತ್ತರಗಳೂ ಒಂದಕ್ಕೊಂದು ಹೊಂದುವುದಿಲ್ಲ ಎನ್ನುವುದು ಮಗುವಿಗೆ ತೊಂದರೆಯೇ ಅಲ್ಲ. ಸ್ವಿಟ್ಸರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಈ ಬಗೆಯ ಉತ್ತರಗಳನ್ನು 1920ರ ದಶಕದಿಂದಲೇ ಶ್ರದ್ಧೆಯಿಂದ ಸಂಗ್ರಹಿಸಿದರು. ಬಾರ್ಬೆಲ್ ಇನ್ಹೆಲ್ಡರ್ ಜೊತೆ ಸೇರಿ 1955ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತೇಲುವ ವಸ್ತುಗಳಿಗೆ ಒಂದು ಇಡೀ ಅಧ್ಯಾಯವನ್ನೇ ಕೊಟ್ಟರು. ಹಗುರವಾಗಿರುವುದರಿಂದ ಚಿಕ್ಕ ದೋಣಿ ತೇಲುತ್ತದೆ, ಭಾರವಾಗಿ ಬಲವಾಗಿರುವುದರಿಂದ ದೊಡ್ಡ ಹಡಗು ತೇಲುತ್ತದೆ ಎಂದು ಎಳೆಯ ಮಕ್ಕಳು ಹೇಳುವುದನ್ನು ಅವರು ಗುರುತಿಸಿದ್ದರು. ವಯಸ್ಸು ಏರಿದಂತೆ ಮಗು ಎಲ್ಲ ವಸ್ತುಗಳಿಗೂ ಒಪ್ಪುವ ಒಂದೇ ಕಾರಣವನ್ನು ಹುಡುಕತೊಡಗುತ್ತದೆ. ಹನ್ನೊಂದು ಹನ್ನೆರಡರ ಹೊತ್ತಿಗೆ ತೂಕವನ್ನೂ ಗಾತ್ರವನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದುಕೊಳ್ಳುವ ಶಕ್ತಿ ಅದಕ್ಕೆ ಬರುತ್ತದೆ.

ಪಿಯಾಜೆ ಹಾಕಿದ ವಯಸ್ಸಿನ ಗೆರೆಗಳನ್ನು ನಾನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಕೆರೆಯ ದಂಡೆಯಲ್ಲಿ ಬೆಳೆದ ಮಗುವಿಗೂ ಮೂರನೆಯ ಮಹಡಿಯ ಮನೆಯಲ್ಲಿ ಬೆಳೆದ ಮಗುವಿಗೂ ನೀರಿನ ಅನುಭವ ಒಂದೇ ಅಲ್ಲ. ಆದರೆ ಕಾರಣಗಳು ಬರುವ ಸಾಲು ಬಹುಮಟ್ಟಿಗೆ ಹೀಗೇ ಇರುತ್ತದೆ: ಭಾರ ಇದ್ದರೆ ಮುಳುಗುತ್ತೆ, ದೊಡ್ಡದಾದರೆ ಮುಳುಗುತ್ತೆ, ಒಳಗೆ ಗಾಳಿ ಇದ್ದರೆ ತೇಲುತ್ತೆ, ಕಬ್ಬಿಣ ಆದರೆ ಮುಳುಗಲೇಬೇಕು, ನೀರು ಜಾಸ್ತಿ ಇದ್ದರೆ ತೇಲುತ್ತೆ. ಇವುಗಳಲ್ಲಿ ಒಂದೂ ದಡ್ಡತನದ ಮಾತಲ್ಲ. ಪ್ರತಿಯೊಂದೂ ಕೆಲವು ವಸ್ತುಗಳ ಮಟ್ಟಿಗೆ ನಿಜ. ಆದ್ದರಿಂದಲೇ ಇವನ್ನು ಬರೀ ಮಾತಿನಿಂದ ಕದಲಿಸಲು ಆಗುವುದಿಲ್ಲ.

ಈಗ ಪ್ರಯೋಗಗಳಿಗೆ ಬರುತ್ತೇನೆ. ಒಂದು ಬಕೆಟ್ ನೀರು, ಒಂದು ಹಳೆಯ ನೋಟ್‌ಬುಕ್, ಒಂದು ಪೆನ್ಸಿಲ್ ಇದ್ದರೆ ಸಾಕು. ನಿಯಮವೂ ಒಂದೇ. ವಸ್ತುವನ್ನು ನೀರಿಗೆ ಬಿಡುವ ಮೊದಲು, ಅಜ್ಜಿ ತಾತನೂ ಸೇರಿ ಸುತ್ತ ಕೂತವರೆಲ್ಲ ತೇಲುತ್ತೋ ಮುಳುಗುತ್ತೋ ಎಂದು ಊಹೆ ಹೇಳಬೇಕು, ಯಾಕೆ ಎಂಬುದನ್ನೂ ಹೇಳಬೇಕು, ಅದನ್ನು ಬರೆದಿಡಬೇಕು. ಬರೆಯದೆ ಬಿಟ್ಟರೆ ಫಲಿತಾಂಶ ಕಂಡ ಕೂಡಲೇ ‘ನನಗೆ ಮೊದಲೇ ಗೊತ್ತಿತ್ತು’ ಎಂದು ಎಲ್ಲರಿಗೂ ಅನಿಸಿಬಿಡುತ್ತದೆ.

ಮೊದಲ ದಿನ ಒಂದು ಕಲ್ಲಂಗಡಿ ಹಣ್ಣು, ಒಂದೇ ಒಂದು ದ್ರಾಕ್ಷಿ. ನಾಲ್ಕೈದು ಕಿಲೋ ತೂಗುವ ಕಲ್ಲಂಗಡಿ ನೀರಿನ ಮೇಲೆ ಬೆನ್ನು ತೋರಿಸಿಕೊಂಡು ತೇಲುತ್ತದೆ. ಕೆಲವೇ ಗ್ರಾಂ ತೂಗುವ ದ್ರಾಕ್ಷಿ ನೇರವಾಗಿ ತಳ ಸೇರುತ್ತದೆ. ಭಾರದ ಕಾರಣವೂ ದೊಡ್ಡದು ಚಿಕ್ಕದು ಎಂಬ ಕಾರಣವೂ ಒಂದೇ ಹೊತ್ತಿಗೆ ಅಲುಗುತ್ತವೆ. ಈ ಪ್ರಯೋಗವನ್ನು ಮೊದಲು ಇಡುವುದಕ್ಕೆ ಕಾರಣ ಅದರ ಬಿರುಸು. ಕಣ್ಣಾರೆ ಕಂಡದ್ದನ್ನು ಮಗು ಅಲ್ಲಗಳೆಯುವಂತಿಲ್ಲ. ಇಷ್ಟಾದರೂ ಒಂದು ಅನುಮಾನ ಉಳಿಯುತ್ತದೆ: ಕಲ್ಲಂಗಡಿಯನ್ನು ಹೆಚ್ಚಿದರೆ ಹೋಳು ಏನಾಗುತ್ತದೆ? ಆಲೂಗಡ್ಡೆ ಮುಳುಗುತ್ತದೆ, ಅದರ ಉಗುರಿನಷ್ಟು ಚೂರು? ಮೇಣದಬತ್ತಿ ತೇಲುತ್ತದೆ, ಅದರ ತುಂಡು? ಕತ್ತರಿಸಿ ನೋಡಲಿ. ಆಲೂಗಡ್ಡೆಯ ಚೂರು ಎಷ್ಟೇ ಚಿಕ್ಕದಾದರೂ ಮುಳುಗುತ್ತದೆ, ಮೇಣದ ತುಂಡು ಎಷ್ಟೇ ದೊಡ್ಡದಾದರೂ ತೇಲುತ್ತದೆ. ವಸ್ತು ಯಾವುದರಿಂದ ಆಗಿದೆ ಎಂಬುದರಲ್ಲಿ ಏನೋ ಗುಟ್ಟಿದೆ ಎಂದು ಮಗುವಿಗೆ ಹೊಳೆಯುವುದು ಇಲ್ಲಿ.

ಎರಡನೆಯ ದಿನ ಕಿತ್ತಳೆ. ಸಿಪ್ಪೆಯಿರುವ ಕಿತ್ತಳೆ ತೇಲುತ್ತದೆ. ಸಿಪ್ಪೆ ಸುಲಿದರೆ ತೂಕ ಕಡಿಮೆಯಾಗಿದ್ದರೂ ಮುಳುಗುತ್ತದೆ. ಸಿಪ್ಪೆಯ ಒಳಗಿನ ಬಿಳಿಯ ಪದರದಲ್ಲಿ ಗಾಳಿ ತುಂಬಿದ ಸಣ್ಣ ಸಣ್ಣ ಸಂದುಗಳಿವೆ. ‘ನಾನು ಹೇಳಲಿಲ್ಲವೇ, ಗಾಳಿ ಇದ್ದರೆ ತೇಲುತ್ತೆ’ ಎಂದು ಮಗು ಗೆದ್ದ ಖುಷಿಯಲ್ಲಿ ಹೇಳುತ್ತದೆ. ಹೇಳಲಿ. ಆ ಗೆಲುವು ನ್ಯಾಯವಾದದ್ದೇ. ಸ್ವಲ್ಪ ಹೊತ್ತಿನ ಮೇಲೆ ಮೇಣದ ತುಂಡನ್ನು ಮತ್ತೆ ಎದುರಿಗಿಟ್ಟು, ಇದರೊಳಗೆ ಗಾಳಿ ಎಲ್ಲಿದೆ ಎಂದು ಕೇಳಿದರೆ ಸಾಕು.

ಆಮೇಲೆ ಲೋಹ. ಸ್ಟೀಲ್ ಬಟ್ಟಲನ್ನು ಮಟ್ಟಸವಾಗಿ ಇಟ್ಟರೆ ತೇಲುತ್ತದೆ, ಓರೆ ಮಾಡಿ ನೀರು ತುಂಬಿಸಿದರೆ ಮುಳುಗುತ್ತದೆ. ಚಪಾತಿ ಕಟ್ಟಲು ಬಳಸುವ ಅಲ್ಯುಮಿನಿಯಂ ಫಾಯಿಲ್‌ನ ಒಂದೇ ಅಳತೆಯ ಎರಡು ಹಾಳೆ ತೆಗೆದುಕೊಳ್ಳಿ. ಒಂದನ್ನು ದೋಣಿ ಮಾಡಿ. ಇನ್ನೊಂದನ್ನು ಮಡಿಸಿ ಮಡಿಸಿ, ಕುಟ್ಟಾಣಿಯಲ್ಲಿ ಚೆನ್ನಾಗಿ ಕುಟ್ಟಿ ಗಟ್ಟಿ ಮಾಡಿ. ಸುಮ್ಮನೆ ಉಂಡೆ ಮಾಡಿದರೆ ಮಡಿಕೆಗಳ ನಡುವೆ ಗಾಳಿ ಉಳಿದು ಅದೂ ತೇಲಿಬಿಡುತ್ತದೆ. ಗಟ್ಟಿ ಮಾಡಿದ್ದು ಮುಳುಗುತ್ತದೆ. ದೋಣಿಗೆ ಮಗು ಒಂದೊಂದೇ ನಾಣ್ಯ ಹಾಕುತ್ತ ಹೋಗಲಿ. ದೋಣಿ ಹೇಗೆ ಹಂತ ಹಂತವಾಗಿ ಇಳಿಯುತ್ತದೆ ಎಂದು ನೋಡಲಿ. ಯಾರ ದೋಣಿ ಹೆಚ್ಚು ನಾಣ್ಯ ಹೊರುತ್ತದೆ ಎಂಬ ಸ್ಪರ್ಧೆ ಶುರುವಾದರೆ ದೋಣಿಯ ತಳ ಅಗಲವಾಗಬೇಕು, ಅಂಚು ಎತ್ತರವಾಗಬೇಕು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನೀರು ಜಾಸ್ತಿ ಇದ್ದರೆ ತೇಲುತ್ತೆ ಎಂಬ ನಂಬಿಕೆ ದೊಡ್ಡವರಲ್ಲೂ ಇರುತ್ತದೆ. ಇದಕ್ಕೆ ಒಂದು ಸ್ಟೀಲ್ ಲೋಟ ಮತ್ತು ಅದಕ್ಕಿಂತ ಕೊಂಚವೇ ಅಗಲವಾದ ಪಾತ್ರೆ ಬೇಕು. ಲೋಟಕ್ಕೆ ಒಂದಿಷ್ಟು ಅಕ್ಕಿ ಹಾಕಿ ಪಾತ್ರೆಯೊಳಗಿಟ್ಟು, ಸುತ್ತಲಿನ ಸಂದಿಗೆ ನೀರು ಹೊಯ್ಯುತ್ತ ಹೋಗಿ. ಒಂದು ಹಂತದಲ್ಲಿ ಲೋಟ ತಳ ಬಿಟ್ಟು ಮೇಲೇಳುತ್ತದೆ. ಹೊಯ್ದ ನೀರನ್ನು ತೂಗಿ ನೋಡಿ. ಸಂದಿ ತಕ್ಕಷ್ಟು ಕಿರಿದಾಗಿದ್ದರೆ, ಅದು ತೇಲಿಸಿದ ಲೋಟಕ್ಕಿಂತಲೂ ಹಗುರವಾಗಿರುತ್ತದೆ. ಮುಖ್ಯವಾದದ್ದು ಲೋಟವು ಎಷ್ಟು ನೀರಿನ ಜಾಗವನ್ನು ತಾನು ಹಿಡಿದುಕೊಂಡಿದೆ ಎಂಬುದು. ಸುತ್ತ ಎಷ್ಟು ನೀರಿದೆ ಎಂಬುದರಿಂದ ವ್ಯತ್ಯಾಸವಾಗುವುದಿಲ್ಲ.

ಇಲ್ಲಿಯವರೆಗೆ ವಸ್ತುಗಳನ್ನು ಬದಲಿಸುತ್ತ ಬಂದೆವು. ಈಗ ನೀರನ್ನೇ ಬದಲಿಸೋಣ. ತಾಜಾ ಕೋಳಿಮೊಟ್ಟೆ ಸಿಹಿನೀರಿನಲ್ಲಿ ಮುಳುಗುತ್ತದೆ. ಮೊಟ್ಟೆ ತರದ ಮನೆಗಳಲ್ಲಿ ಆಲೂಗಡ್ಡೆಯ ತುಂಡು ಇದೇ ಕೆಲಸ ಮಾಡುತ್ತದೆ. ಸ್ವಲ್ಪ ಸ್ವಲ್ಪವೇ ಉಪ್ಪು ಹಾಕಿ ಕದಡುತ್ತ ಹೋದರೆ, ಲೀಟರಿಗೆ ನೂರು ಗ್ರಾಂ ಆಚೀಚೆ ಆಗುವ ಹೊತ್ತಿಗೆ ಮೊಟ್ಟೆ ಅಲುಗಾಡಿ ಮೇಲೇಳುತ್ತದೆ. ಆ ಉಪ್ಪುನೀರಿನ ಮೇಲೆ ಚಮಚದ ಬೆನ್ನಿನಿಂದ ನಿಧಾನವಾಗಿ ಸಿಹಿನೀರನ್ನು ಇಳಿಸಿದರೆ ಮೊಟ್ಟೆ ನಡುವೆಯೇ ನಿಲ್ಲುತ್ತದೆ: ಮೇಲಿನ ನೀರಿನಲ್ಲಿ ಮುಳುಗಿ, ಕೆಳಗಿನ ನೀರಿನಲ್ಲಿ ತೇಲಿ. ಹತ್ತು ವರ್ಷದ ಮಗು ಇದನ್ನು ನೋಡಿದ ಮೇಲೆ ‘ಒಂದೇ ಜಾಗಕ್ಕೆ ಯಾವುದು ಹೆಚ್ಚು ತೂಗುತ್ತೆ, ಮೊಟ್ಟೆಯೋ ನೀರೋ’ ಎಂಬ ಪ್ರಶ್ನೆ ಅದರದ್ದೇ ಆಗುತ್ತದೆ. ಸಾಂದ್ರತೆ ಎಂಬ ಪದವನ್ನು ಆಗ ಹೇಳಿಕೊಡಿ. ನೀರು ಘನ ಸೆಂಟಿಮೀಟರಿಗೆ 1 ಗ್ರಾಂ, ಅಲ್ಯುಮಿನಿಯಂ 2.7, ಕಬ್ಬಿಣ 7.9, ಪಾದರಸ 13.6 ಎಂಬ ಅಂಕಿಗಳಿಗೆ ಆಗ ಅರ್ಥ ಬರುತ್ತದೆ. ಪಾದರಸದ ಮೇಲೆ ಕಬ್ಬಿಣದ ಗುಂಡು ತೇಲುತ್ತದೆಯೇ ಎಂದು ಕೇಳಿದರೆ, ಪಾದರಸವನ್ನು ಕಂಡೇ ಇರದ ಮಗು ಲೆಕ್ಕ ಹಾಕಿ ಹೌದು ಎನ್ನುತ್ತದೆ.

ಇನ್ನು ನೀರು ತಳ್ಳುವ ಬಲದ ಮಾತು. ಸಾಂದ್ರತೆ ತಿಳಿದರೂ ನೀರು ಮೇಲಕ್ಕೆ ತಳ್ಳುತ್ತದೆ ಎಂಬುದು ಕೈಗೆ ಗೊತ್ತಾಗದಿದ್ದರೆ ಪಾಠ ಅರ್ಧವೇ. ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತು. ತುಂಬಿದ ಕೊಡ ನೀರೊಳಗೆ ಇರುವಷ್ಟು ಹೊತ್ತು ಹಗ್ಗ ಹಗುರವಾಗಿ ಬರುತ್ತದೆ. ಕೊಡ ನೀರು ಬಿಟ್ಟೊಡನೆ ಭುಜಕ್ಕೆ ಭಾರ ಬೀಳುತ್ತದೆ. ಬಾವಿ ಇಲ್ಲದ ಮನೆಯಲ್ಲಿ ಖಾಲಿ ಚೊಂಬನ್ನು ಬಕೆಟ್ಟಿನೊಳಗೆ ನೇರವಾಗಿ ಅದುಮಿಸಿ. ಆಳಕ್ಕೆ ಒತ್ತಿದಂತೆಲ್ಲ, ಹೆಚ್ಚು ನೀರನ್ನು ಸರಿಸಿದಂತೆಲ್ಲ, ಅಂಗೈಗೆ ಎದುರೊತ್ತು ಹೆಚ್ಚುತ್ತದೆ. ಕಲ್ಲೊಂದನ್ನು ರಬ್ಬರ್ ಬ್ಯಾಂಡಿಗೆ ತೂಗುಹಾಕಿ ನೀರಿಗಿಳಿಸಿದರೆ ರಬ್ಬರ್ ಬ್ಯಾಂಡಿನ ಉದ್ದ ಕುಗ್ಗುತ್ತದೆ.

ಈಗ ಹಲವು ಮನೆಗಳಲ್ಲಿ ಅಡುಗೆಯ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಅದರ ಮೇಲೆ ನೀರಿನ ಪಾತ್ರೆ ಇಟ್ಟು ತೂಕವನ್ನು ಸೊನ್ನೆಗೆ ತನ್ನಿ. 270 ಗ್ರಾಮಿನ ಒಂದು ಕಲ್ಲನ್ನು ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಕಲ್ಲು ನಿಮ್ಮ ಕೈಯಲ್ಲಿದೆ, ಪಾತ್ರೆಯನ್ನು ಮುಟ್ಟಿಯೇ ಇಲ್ಲ. ತಕ್ಕಡಿ ಏನು ತೋರಿಸಬೇಕು? ಸೊನ್ನೆ ಎಂದು ಬಹಳ ಮಂದಿ ಹೇಳುತ್ತಾರೆ; 270 ಎಂದೂ ಕೆಲವರು. ಕಲ್ಲಿನ ಗಾತ್ರ ನೂರು ಘನ ಸೆಂಟಿಮೀಟರ್ ಇದ್ದರೆ ತಕ್ಕಡಿ 100 ಗ್ರಾಂ ತೋರಿಸುತ್ತದೆ. ನೀರು ಕಲ್ಲನ್ನು ನೂರು ಗ್ರಾಮಿನಷ್ಟು ಮೇಲಕ್ಕೆ ತಳ್ಳಿದರೆ ಕಲ್ಲು ನೀರನ್ನು ಅಷ್ಟೇ ಕೆಳಕ್ಕೆ ತಳ್ಳಬೇಕಲ್ಲ. 270ನ್ನು 100ರಿಂದ ಭಾಗಿಸಿದರೆ ಕಲ್ಲಿನ ಸಾಂದ್ರತೆ 2.7, ನಮ್ಮ ಕಡೆಯ ಗ್ರಾನೈಟ್ ಇದರ ಆಸುಪಾಸಿನಲ್ಲೇ ಇರುತ್ತದೆ. ಇಷ್ಟು ಸರಳವಾಗಿ ಇಷ್ಟು ನಿಖರವಾದ ಅಳತೆ ಕೊಡುವ ಮತ್ತೊಂದು ಮನೆಪ್ರಯೋಗ ನನಗೆ ಗೊತ್ತಿಲ್ಲ. ಮಾಡಲೇಬೇಕೆಂದು ಎಲ್ಲ ಅಧ್ಯಾಪಕರನ್ನೂ ಕೇಳಿಕೊಳ್ಳುತ್ತೇನೆ.

ಇಲ್ಲಿ ಆರ್ಕಿಮಿಡೀಸನ ಕಥೆಯ ಬಗ್ಗೆ ಒಂದು ಮಾತು. ಸಿಸಿಲಿಯ ಸಿರಾಕ್ಯೂಸ್‌ನಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಬಾಳಿದ ಆತ ತೇಲುವ ವಸ್ತುಗಳ ಮೇಲೆ ಗ್ರಂಥ ಬರೆದದ್ದು ನಿಜ. ಅರಸನ ಕಿರೀಟದ ಚಿನ್ನಕ್ಕೆ ಬೆಳ್ಳಿ ಬೆರೆತಿದೆಯೇ ಎಂದು ಪತ್ತೆಹಚ್ಚುವ ದಾರಿ ಸ್ನಾನದ ತೊಟ್ಟಿಯಲ್ಲಿ ಹೊಳೆದು ಬೀದಿಯಲ್ಲಿ ಓಡಿದ ಎಂಬುದೆಲ್ಲ ಆ ಗ್ರಂಥದಲ್ಲಿಲ್ಲ; ಸುಮಾರು ಎರಡು ಶತಮಾನಗಳ ತರುವಾಯ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದದ್ದು. ಕಿರೀಟ ಮುಳುಗಿಸಿ, ಉಕ್ಕಿದ ನೀರನ್ನು ಅಳೆದ ಎಂಬ ಆ ವಿವರಣೆಯನ್ನು 22 ವರ್ಷದ ಗೆಲಿಲಿಯೋ 1586ರಲ್ಲಿ ಪ್ರಶ್ನಿಸಿದ. ಆ ಪ್ರಶ್ನೆ ಎಷ್ಟು ಸರಿಯೆಂದು ನಾವೇ ಲೆಕ್ಕ ಹಾಕಬಹುದು. ಒಂದು ಕಿಲೋ ಶುದ್ಧ ಚಿನ್ನ ಸುಮಾರು 52 ಮಿಲಿಲೀಟರ್ ನೀರನ್ನು ಸರಿಸುತ್ತದೆ. ಅದರಲ್ಲಿ 300 ಗ್ರಾಂ ಬೆಳ್ಳಿ ಬೆರೆತಿದ್ದರೆ 65 ಮಿಲಿಲೀಟರ್. ವ್ಯತ್ಯಾಸ 13 ಮಿಲಿಲೀಟರ್ ಮಾತ್ರ. 20 ಸೆಂಟಿಮೀಟರ್ ಬಾಯಿಯ ಪಾತ್ರೆಯಲ್ಲಿ ಅದು ನೀರಿನ ಮಟ್ಟವನ್ನು ಅರ್ಧ ಮಿಲಿಮೀಟರ್ ಕೂಡ ಏರಿಸುವುದಿಲ್ಲ. ತಕ್ಕಡಿಯ ಒಂದು ಕಡೆ ಕಿರೀಟ, ಮತ್ತೊಂದು ಕಡೆ ಸಮತೂಕದ ಚಿನ್ನ ತೂಗುಹಾಕಿ ಎರಡನ್ನೂ ನೀರಿಗಿಳಿಸಿದರೆ ತಕ್ಕಡಿ ವಾಲುವುದು ಕಣ್ಣಿಗೆ ಕಾಣುತ್ತದೆ. ಆರ್ಕಿಮಿಡೀಸ್ ತಕ್ಕಡಿಯನ್ನೇ ಬಳಸಿರಬೇಕು ಎಂದು ಗೆಲಿಲಿಯೋ ವಾದಿಸಿದ. ಓಡಿದ ಕಥೆಗಿಂತ ಈ ವಾದವೇ ಮಕ್ಕಳಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನಗನ್ನಿಸುತ್ತದೆ.

ಬಕೆಟ್ಟಿನಿಂದ ಈಗ ಹೊರಗೆ ಬರೋಣ. ಅಡುಗೆಮನೆಯಲ್ಲಿ ಬೋಂಡಾ ಕರಿಯುವಾಗ ಮಗು ದೂರದಲ್ಲಿ ನಿಂತು ನೋಡಲಿ. ಹಿಟ್ಟು ಮೊದಲು ಎಣ್ಣೆಯ ತಳಕ್ಕೆ ಹೋಗುತ್ತದೆ, ಆಮೇಲೆ ತಾನಾಗಿ ಮೇಲೆ ಬರುತ್ತದೆ. ‘ಯಾಕಜ್ಜಿ ಮೇಲೆ ಬಂತು?’ ಎಂದರೆ ‘ಬೆಂದಿತು ಕಣೋ, ಅದಕ್ಕೆ’ ಎನ್ನುತ್ತಾರೆ ಅಜ್ಜಿ. ಸರಿಯಾದ ಮಾತು. ಹಿಟ್ಟಿನ ನೀರು ಆವಿಯಾಗಿ, ಒಳಗೆ ಗುಳ್ಳೆಗಳಾಗಿ, ಅಷ್ಟೇ ತೂಕ ಹೆಚ್ಚು ಜಾಗ ಹಿಡಿಯತೊಡಗಿದೆ. ಚಳಿಗಾಲದ ಬೆಳಗ್ಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಡಿ. ಕರಗುವಾಗ ಗಟ್ಟಿಯ ಭಾಗ ತಳದಲ್ಲಿ ಉಳಿಯುತ್ತದೆ. ತುಪ್ಪದ ಹರಳೂ ಹಾಗೆಯೇ. ಬಹುತೇಕ ವಸ್ತುಗಳ ಗಟ್ಟಿರೂಪ ತನ್ನದೇ ದ್ರವದಲ್ಲಿ ಮುಳುಗುತ್ತದೆ. ಮಂಜುಗಡ್ಡೆ ಮಾತ್ರ ನೀರಿನಲ್ಲಿ ತೇಲುತ್ತದೆ. ಅದರ ಸಾಂದ್ರತೆ 0.92. ಹಿಮಾಲಯದ ಕೆರೆಗಳು ಮೇಲಿನಿಂದ ಹೆಪ್ಪುಗಟ್ಟುವುದೂ ತಳದ ನೀರಿನಲ್ಲಿ ಮೀನು ಬದುಕುವುದೂ ಇದರಿಂದ. ಎಣ್ಣೆಯಲ್ಲಿ ಮಂಜುಗಡ್ಡೆ ಹಾಕಿ ನೋಡುವುದಾದರೆ ಸೂರ್ಯಕಾಂತಿ ಎಣ್ಣೆ ಒಳ್ಳೆಯದು. ಗಡ್ಡೆ ಮೇಲಿದ್ದು, ಕರಗಿದ ಹನಿಗಳು ಗುಂಡಗೆ ಜಾರಿ ತಳ ಸೇರುತ್ತವೆ.

ಭತ್ತ ಬೆಳೆಯುವ ರೈತರು ಬಿತ್ತನೆಗೆ ಮೊದಲು ಬೀಜವನ್ನು ಉಪ್ಪುನೀರಿಗೆ ಹಾಕುತ್ತಾರೆ. ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ತಳಕ್ಕೆ ಕೂರುತ್ತದೆ. ಉಪ್ಪು ಎಷ್ಟಿರಬೇಕು ಎಂಬುದಕ್ಕೆ ಅಳತೆ ಅದೇ ತಾಜಾ ಮೊಟ್ಟೆ: ಅದರ ತುದಿ ನಾಣ್ಯದ ಅಗಲದಷ್ಟು ನೀರಿನ ಮೇಲೆ ಕಂಡರೆ ಹದ. ಆಮೇಲೆ ಬೀಜವನ್ನು ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲೂ ಕೊಯ್ದ ಹಣ್ಣನ್ನು ನೀರಿಗೆ ಬಿಟ್ಟು ತೇಲುವ ಜೊಳ್ಳನ್ನು ಬೇರೆ ಮಾಡುತ್ತಾರೆ. ಹಳ್ಳಿಯ ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಬಳಸುವುದನ್ನು ಮಗುವಿಗೆ ತೋರಿಸಿ. ಹಾಲಿನ ಸಾಂದ್ರತೆ ನೀರಿಗಿಂತ ಸ್ವಲ್ಪ ಹೆಚ್ಚು, 1.03ರ ಆಸುಪಾಸು. ನೀರು ಬೆರೆತಷ್ಟೂ ಆ ಗಾಜಿನ ಕೊಳವೆ ಆಳಕ್ಕಿಳಿಯುತ್ತದೆ. ಹಂಪೆ, ಆನೆಗೊಂದಿಯಲ್ಲಿ ತುಂಗಭದ್ರೆಯ ಹರಿಗೋಲು ಇಂದಿಗೂ ಉಂಟು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿನ, ತೊಗಲು ಹೊದಿಸಿದ ಆ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ, ಬೇಕಾದರೆ ಕುದುರೆ ಎತ್ತುಗಳು ಕೂಡ ದಾಟುವುದನ್ನು ದಾಖಲಿಸಿದ್ದಾನೆ. ಫಾಯಿಲ್ ದೋಣಿಗೆ ನಾಣ್ಯ ತುಂಬಿಸಿದ ಮಗುವಿಗೆ ಹರಿಗೋಲಿನ ಅಗಲದ ಅರ್ಥ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು. ಒಣಗಿದ ಸೂಜಿಯನ್ನು ಚೂರು ಕಾಗದದ ಮೇಲಿಟ್ಟು ನೀರಿಗೆ ಬಿಟ್ಟು, ಕಾಗದವನ್ನು ಮೆಲ್ಲಗೆ ಅದುಮಿ ಮುಳುಗಿಸಿದರೆ ಸೂಜಿ ನೀರಿನ ಮೇಲೆಯೇ ನಿಲ್ಲುತ್ತದೆ. ಒಂದು ಹನಿ ಸೋಪಿನ ನೀರು ಬಿದ್ದರೆ ಕೂಡಲೇ ಮುಳುಗುತ್ತದೆ. ಇದಕ್ಕೆ ಕಾರಣ ನೀರಿನ ಮೇಲ್ಮೈ ಎಳೆತ. ನಾವು ಇಷ್ಟು ಹೊತ್ತು ಮಾತಾಡಿದ ತೇಲುವಿಕೆಯ ಜೊತೆ ಕಲಸಬಾರದು. ಈ ಎಳೆತವನ್ನು ಅಳೆಯುವ ಸಾಧನವನ್ನು ಅಡುಗೆಮನೆಯ ಸಾಮಾನುಗಳಿಂದ ರೂಪಿಸಿದವರು ಜರ್ಮನಿಯ ಆಗ್ನೆಸ್ ಪೊಕೆಲ್ಸ್. ಹೆಣ್ಣುಮಕ್ಕಳಿಗೆ ಅಲ್ಲಿ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಕಾಯಿಲೆಯ ತಂದೆತಾಯಿಯನ್ನು ನೋಡಿಕೊಳ್ಳುತ್ತ, ಪಾತ್ರೆ ತೊಳೆಯುವ ನೀರನ್ನು ಗಮನಿಸುತ್ತ ವರ್ಷಗಟ್ಟಲೆ ದುಡಿದರು. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಅವರು ಬರೆದ ಪತ್ರ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಮನೆಯ ನೀರಿನಲ್ಲಿ ಮಾಡಿದ್ದು ಆಟಕ್ಕೆ ಮಾತ್ರ ಎನ್ನುವವರಿಗೆ ನಾನು ಈ ಹೆಸರನ್ನು ಹೇಳುತ್ತೇನೆ.

ಕೊನೆಯ ಭಾಗ ಹಿರಿಯರ ಕೆಲಸದ ಬಗ್ಗೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ, ಹಳ್ಳಿಯ ಮಕ್ಕಳು ತಾವೇ ಪ್ರಯೋಗ ಮಾಡಿ ತಾವೇ ತೀರ್ಮಾನ ಬರೆಯಬಲ್ಲರು ಎಂದು ಮೂವತ್ತು ವರ್ಷ ತೋರಿಸಿಕೊಟ್ಟಿತು. ಅಲ್ಲಿ ಬೆಲೆಬಾಳುವ ಉಪಕರಣಗಳಿರಲಿಲ್ಲ. ಮಗು ಯೋಚಿಸುವವರೆಗೆ ಕಾಯಲು ಕಲಿತ ಅಧ್ಯಾಪಕರಿದ್ದರು. ಮನೆಯಲ್ಲಿ ಕಾಯುವುದು ಶಾಲೆಯಲ್ಲಿಗಿಂತ ಸುಲಭ, ಏಕೆಂದರೆ ಮನೆಯಲ್ಲಿ ಗಂಟೆ ಬಾರಿಸುವುದಿಲ್ಲ. ಮಗುವಿನ ತಪ್ಪು ಊಹೆಗೆ ನಗಬೇಡಿ, ಅಳಿಸಲೂ ಬಿಡಬೇಡಿ. ಆ ನೋಟ್‌ಬುಕ್ಕನ್ನು ವರ್ಷ ಕಳೆದ ಮೇಲೆ ತೆಗೆದು ನೋಡಿದಾಗ ತನ್ನ ಯೋಚನೆ ಹೇಗೆ ಬೆಳೆಯಿತು ಎಂದು ಮಗುವೇ ಕಾಣುತ್ತದೆ.

ಇದಕ್ಕಿಂತ ಮುಖ್ಯವಾದ ಹೊಣೆಯೊಂದಿದೆ. ಪುಟ್ಟ ಮಕ್ಕಳಿಗೆ ಅರ್ಧ ಬಕೆಟ್ ನೀರೂ ಅಪಾಯ. ಪ್ರಯೋಗ ಮುಗಿದ ಕೂಡಲೇ ನೀರನ್ನು ಗಿಡಕ್ಕೆ ಸುರಿದುಬಿಡಿ. ಮನುಷ್ಯನ ದೇಹದ ಸಾಂದ್ರತೆ ನೀರಿನದಕ್ಕೆ ಬಹಳ ಹತ್ತಿರ; ಎದೆ ತುಂಬ ಉಸಿರಿದ್ದರೆ ತೇಲುತ್ತದೆ, ಉಸಿರು ಬಿಟ್ಟರೆ ಮುಳುಗುತ್ತದೆ. ಇದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. ನಮ್ಮ ಊರುಗಳಲ್ಲಿ ಹಿಂದೆ ಈಜು ಕಲಿಸುವಾಗ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು, ಜೊತೆಗೆ ಈಜು ಬಲ್ಲ ಅಣ್ಣನೋ ಮಾವನೋ ನೀರಿಗಿಳಿಯುತ್ತಿದ್ದರು. ಈಜು ಬಾರದ ಮಗು ಕೆರೆ, ಕೃಷಿಹೊಂಡ, ಕಾಲುವೆಯ ಬಳಿ ಒಬ್ಬಂಟಿಯಾಗಿ ಹೋಗಬಾರದು. ತೇಲುವ ಪಾಠ ಎಷ್ಟು ಚೆನ್ನಾಗಿ ಕಲಿತರೂ ಈ ಮಾತಿಗೆ ವಿನಾಯಿತಿಯಿಲ್ಲ.

ಮುಗಿಸುವ ಮುನ್ನ ಈ ಸಂಜೆ ನೀವು ಮನೆಯಲ್ಲಿ ಮಾಡಬೇಕಾದ ಒಂದು ಪ್ರಯೋಗ. ಸಣ್ಣ ಪಾತ್ರೆಯಲ್ಲಿ ನೀರು ತೆಗೆದುಕೊಂಡು, ಅದರಲ್ಲಿ ಒಂದು ಪ್ಲಾಸ್ಟಿಕ್ ಲೋಟ ತೇಲಿಬಿಡಿ. ಲೋಟದೊಳಗೆ ಒಂದು ಕಲ್ಲಿಡಿ. ಪಾತ್ರೆಯ ಬದಿಯಲ್ಲಿ ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ. ಈಗ ಕಲ್ಲನ್ನು ಲೋಟದಿಂದ ತೆಗೆದು ನೀರಿಗೇ ಹಾಕಿದರೆ ಮಟ್ಟ ಗೆರೆಗಿಂತ ಮೇಲೇರುತ್ತದೆಯೇ, ಕೆಳಗಿಳಿಯುತ್ತದೆಯೇ, ಅಲ್ಲೇ ಇರುತ್ತದೆಯೇ? ಮನೆಮಂದಿಯೆಲ್ಲ ಊಹೆ ಬರೆದ ಮೇಲೆ ಕಲ್ಲು ಹಾಕಿ. ಆಮೇಲೆ ಕಲ್ಲಿನ ಬದಲು ಮೇಣದ ತುಂಡು ಇಟ್ಟು ಮತ್ತೊಮ್ಮೆ ಮಾಡಿ. ಎರಡರ ಉತ್ತರವನ್ನೂ ನಾನು ಇಲ್ಲಿ ಹೇಳುವುದಿಲ್ಲ; ಅಚ್ಚಿನಲ್ಲಿಯೂ ಸೇರಿಸಬಾರದೆಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.